ಕಾವೇರೀತೀರದ ಗುರುಭಕ್ತರು: ಸಾಲಿಗ್ರಾಮದ ವಡುಗನಂಬಿಗಳು

ಸಾಲಿಗ್ರಾಮವೆಂದೊಡನೆ ನಮ್ಮ ಓದುಗರಲ್ಲಿ ಬಹುಮಂದಿಯ ಮನಸ್ಸಿಗೆ ಮೊದಲು ಬರುವುದು ಮನೆಯ ದೇವರ ಸಂಪುಟದಲ್ಲಿ ತುಳಸೀದಳವನ್ನು ಧರಿಸಿ ಕುಳಿತಿರುವ ಗಂಡಕೀ ಶಿಲೆ. ಆಮೇಲೆ ನೆನಪಾಗುವುದು ಉಡುಪಿಯಿಂದ ಉತ್ತರಕ್ಕೆ, ಕೋಟದ ಬಳಿ ಇರುವ ಗುರುನರಸಿಂಹನ ಕ್ಷೇತ್ರ. ನಾವು ಈ ಸಂಚಿಕೆಯಲ್ಲಿ ಅರಿಕೆಮಾಡಹೊರಟಿರುವುದು ಇವೆರಡರ ವಿಷಯವಲ್ಲ. ಮೈಸೂರು ಜಿಲ್ಲೆಯಲ್ಲಿ ಕಾವೇರಿಯ ಉತ್ತರದ ದಂಡೆಯ ಮೇಲೆ ಇದೇ ಹೆಸರಿನ ಇನ್ನೊಂದು ಊರಿದೆ. ಅದು ಹಿಂದೆ ಎಡತೊರೆ ತಾಲ್ಲೂಕಿಗೂ, ಎಡತೊರೆಗೆ ಕೃಷ್ಣರಾಜನಗರವೆಂದು ಹೆಸರಾದ ಮೇಲೆ ಆ ತಾಲ್ಲೂಕಿಗೂ ಸೇರಿದ್ದು, ಈಗ ತಾನೇ ಒಂದು ತಾಲ್ಲೂಕಿನ ಮುಖ್ಯಸ್ಥಳವಾಗಿದೆ. ಆ ಊರಿನಲ್ಲಿ ಹುಟ್ಟಿ, ಗುರುವಿನ ಬೆನ್ನ ಹಿಂದೆ ಶ್ರೀರಂಗದವರೆಗೆ ನಡೆದು, ಕೊನೆಗೆ ಅದೇ ಊರಿಗೆ ಹಿಂದಿರುಗಿದ ಒಬ್ಬ ಮಹಾನುಭಾವರ ಚರಿತ್ರೆಯನ್ನು ನಾಲ್ಕು ಮಾತಿನಲ್ಲಿ ಹೇಳಬೇಕೆಂದು ನಮ್ಮ ಆಶಯ.

ಕಾವೇರಿಯ ಈ ಭಾಗವನ್ನು ಬಲ್ಲವರಿಗೆ ಇದೊಂದು ಕ್ಷೇತ್ರಗಳ ಸಾಲೇ ಎಂಬುದು ಗೊತ್ತಿದೆ. ತಲಕಾವೇರಿಯಲ್ಲಿ ಹುಟ್ಟಿ ಕೊಡಗನ್ನು ದಾಟಿದ ತಾಯಿ ರಾಮನಾಥಪುರದಲ್ಲಿ ರಾಮೇಶ್ವರನ ಸನ್ನಿಧಿಯನ್ನು ಸೇವಿಸಿ ಸಾಲಿಗ್ರಾಮದ ಕಡೆಗೆ ಬರುತ್ತಾಳೆ. ಅಲ್ಲಿಂದ ಕೆಳಕ್ಕೆ ಚುಂಚನಕಟ್ಟೆಯಲ್ಲಿ ಬಂಡೆಗಳ ಮೇಲಿಂದ ಧುಮುಕುತ್ತಾಳೆ. ಅಲ್ಲಿ ಕೋದಂಡರಾಮನ ಗುಡಿಯಿದೆ. ಸಾಮಾನ್ಯವಾಗಿ ಸ್ವಾಮಿಯ ಎಡಕ್ಕೆ ನಿಲ್ಲುವ ಸೀತಾದೇವಿಯು ಅಲ್ಲಿ ಬಲಕ್ಕೆ ನಿಂತಿರುವುದನ್ನು ನೋಡಿ ಮೊದಲ ಸಲ ಹೋದವರು ಅರ್ಚಕರನ್ನು ಕೇಳದೆ ಇರುವುದಿಲ್ಲ. ಮುಂದೆ ಎಡತೊರೆಯಲ್ಲಿ ಅರ್ಕೇಶ್ವರ. ಈ ಸಾಲಿನ ನಡುವೆ ಸಾಲಿಗ್ರಾಮದ ಮಹಿಮೆ ಬೇರೆ ಬಗೆಯದು. ಊರಿನಲ್ಲಿ ನರಸಿಂಹದೇವರ ಗುಡಿಯಿದೆ, ಜಿನಬಸದಿಗಳೂ ಇವೆ. ಆದರೆ ದೂರದ ಯಾತ್ರಿಕರನ್ನು ಎಳೆದು ತರುವುದು ಶ್ರೀಪಾದತೀರ್ಥವೆಂಬ ಒಂದು ಕೊಳ, ಮತ್ತು ಅದರ ಬಳಿ ಶ್ರೀರಾಮಾನುಜಾಚಾರ್ಯರ ಪಾದಗಳಿಗೆ ನಡೆಯುವ ಪೂಜೆ. ಮಹಾನದಿಯೊಂದು ಹತ್ತಿರದಲ್ಲೇ ಹರಿಯುತ್ತಿರುವಾಗ ಜನರು ಒಂದು ಕೊಳದ ನೀರಿಗಾಗಿ ಕೈಚಾಚುವುದಕ್ಕೆ ಕಾರಣವೇನೆಂಬುದನ್ನು ಹೇಳಿದರೆ ನಮ್ಮ ಕಥಾನಾಯಕರ ಕಥೆಯೂ ಆರಂಭವಾಗುತ್ತದೆ.

ಮಾಧ್ವ ದೇವಾಲಯದ ಪತ್ರಿಕೆಯಲ್ಲಿ ರಾಮಾನುಜರ ಶಿಷ್ಯರೊಬ್ಬರ ಚರಿತ್ರೆ ಏಕೆಂದು ಕೆಲವು ಹಿರಿಯರು ಕೇಳಬಹುದು. ಕಾವೇರೀತೀರದಲ್ಲಿ ಬಾಳಿದ ನಮ್ಮ ಮನೆತನಗಳಿಗೆ ಶ್ರೀವೈಷ್ಣವರ ನೆರೆ ಹೊಸದಲ್ಲ. ಸಿದ್ಧಾಂತದಲ್ಲಿ ಭೇದವಿದ್ದೇ ಇದೆ, ಅದನ್ನು ಮರೆಮಾಚಬೇಕಾದ್ದೂ ಇಲ್ಲ. ಆದರೆ ಈ ಚರಿತ್ರೆಯಲ್ಲಿ ಬರುವ ಒಂದು ಪ್ರಶ್ನೆ ನಮ್ಮ ಮನೆಗಳಲ್ಲಿಯೂ ಏಳುವ ಪ್ರಶ್ನೆಯೇ ಆಗಿದೆ. ಗುರುವಿಗೆ ಎಷ್ಟು ಸಲ್ಲಬೇಕು, ದೇವರಿಗೆ ಎಷ್ಟು? ಅದನ್ನು ಮುಂದೆ ನೋಡೋಣ.

ಶ್ರೀರಾಮಾನುಜಾಚಾರ್ಯರು ಶ್ರೀಪೆರುಂಬೂದೂರಿನಲ್ಲಿ 1017ರಲ್ಲಿ ಅವತರಿಸಿ 1137ರವರೆಗೆ, ಅಂದರೆ ನೂರಿಪ್ಪತ್ತು ವರ್ಷ, ಈ ಲೋಕದಲ್ಲಿದ್ದರೆಂದು ಅವರ ಸಂಪ್ರದಾಯವು ಹೇಳುತ್ತದೆ. ನಮ್ಮ ಶ್ರೀಮದಾಚಾರ್ಯರು ಪಾಜಕಕ್ಷೇತ್ರದಲ್ಲಿ ಅವತರಿಸಿದ್ದು 1238ರಲ್ಲಾದ್ದರಿಂದ ಇದು ಅದಕ್ಕೆ ಒಂದು ಶತಮಾನ ಹಿಂದಿನ ಮಾತು. ಆಗ ಚೋಳದೇಶದಲ್ಲಿ ಆಳುತ್ತಿದ್ದ ಅರಸನು ಶಿವನಿಗಿಂತ ಪರದೈವವಿಲ್ಲವೆಂದು ವಿದ್ವಾಂಸರೆಲ್ಲ ಬರೆದುಕೊಡಬೇಕೆಂದು ನಿರ್ಬಂಧಿಸಿದನು. ಅರಸನ ಭಟರು ಶ್ರೀರಂಗಕ್ಕೆ ಬಂದಾಗ ಕೂರೇಶರು ತಮ್ಮ ಗುರುಗಳ ಕಾಷಾಯವನ್ನು ತಾವು ಉಟ್ಟು ಅವರ ಸ್ಥಾನದಲ್ಲಿ ಹೋದರು. ವೃದ್ಧರಾದ ಮಹಾಪೂರ್ಣರೂ ಜತೆಯಲ್ಲಿ ಹೋದರು. ಇಬ್ಬರೂ ಕಣ್ಣುಗಳನ್ನು ಕಳೆದುಕೊಂಡರು. ಮಹಾಪೂರ್ಣರು ಹಿಂದಿರುಗುವ ದಾರಿಯಲ್ಲಿಯೇ ದೇಹವನ್ನು ಬಿಟ್ಟರು. ಶಿಷ್ಯರ ಒತ್ತಾಯಕ್ಕೆ ಕಟ್ಟುಬಿದ್ದ ರಾಮಾನುಜರು ಬಿಳಿಯ ವಸ್ತ್ರವನ್ನುಟ್ಟು, ಕೆಲವೇ ಮಂದಿಯೊಡನೆ ಕಾಡುದಾರಿಯಲ್ಲಿ ಪಶ್ಚಿಮಕ್ಕೆ ನಡೆದು ಕನ್ನಡನಾಡನ್ನು ಸೇರಿದರು. ಇದು ನಡೆದ ಇಸವಿಯ ವಿಷಯದಲ್ಲಿಯೂ, ಆ ಅರಸನು ಯಾರೆಂಬ ವಿಷಯದಲ್ಲಿಯೂ ಪಂಡಿತರಲ್ಲಿ ಒಮ್ಮತವಿಲ್ಲ. ಆ ಜಿಜ್ಞಾಸೆಗೆ ನಾವು ಇಲ್ಲಿ ಕೈಹಾಕುವುದಿಲ್ಲ.

ಗುರುಪರಂಪರೆಯ ಗ್ರಂಥಗಳು ಅವರು ಬಂದಿಳಿದ ಸ್ಥಳವನ್ನು ಮಿಥಿಲಾಪುರಿ ಸಾಲಗ್ರಾಮವೆಂದು ಹೆಸರಿಸುತ್ತವೆ. ಮಿಥಿಲಾಪುರಿ ಎಂದರೆ ಸಾಲಿಗ್ರಾಮಕ್ಕೆ ಸಮೀಪದ ಮಿರ್ಲೆ ಎಂದು ಸ್ಥಳದವರ ನಂಬಿಕೆ. ಅಂದು ಅಲ್ಲಿದ್ದವರು ಅನ್ಯಮತದವರು. ಬಂದ ಯತಿಗಳನ್ನು ಅವರು ವಿಚಾರಿಸಿಕೊಳ್ಳಲಿಲ್ಲ. ಇಂತಹ ಕಡೆ ವಾದಮಾಡಿ ಪ್ರಯೋಜನವಿಲ್ಲವೆಂದು ಕಂಡ ರಾಮಾನುಜರು ತಮ್ಮ ಸೋದರಿಯ ಮಗನೂ ಶಿಷ್ಯನೂ ಆದ ದಾಶರಥಿಯನ್ನು ಕರೆದು, ಊರವರು ನೀರು ತುಂಬುವ ಕೊಳದಲ್ಲಿ ಕಾಲನ್ನು ಅದ್ದಿ ಬರುವಂತೆ ಹೇಳಿದರು. ಮರುದಿನ ಬೆಳಗ್ಗೆ ಆ ನೀರನ್ನು ಬಳಸಿದವರೆಲ್ಲ ತಾವಾಗಿ ಬಂದು ಆಚಾರ್ಯರ ಪಾದಕ್ಕೆರಗಿದರೆಂದು ಐತಿಹ್ಯ. ಆ ನೀರು ಅಂದಿನಿಂದ ಶ್ರೀಪಾದತೀರ್ಥವಾಯಿತು. ಊರಿನಲ್ಲಿ ಕೇಳಿದರೆ ರಾಮಾನುಜರದೇ ಪಾದವೆನ್ನುವವರೂ ಉಂಟು. ಗ್ರಂಥಗಳು ದಾಶರಥಿಯ ಪಾದವೆನ್ನುತ್ತವೆ. ಶ್ರೀವೈಷ್ಣವರಲ್ಲಿ ದಾಶರಥಿಯನ್ನು ರಾಮಾನುಜರ ಪಾದುಕೆಯೆಂದೇ ಭಾವಿಸುವ ಪದ್ಧತಿ ಇರುವುದರಿಂದ ಈ ಎರಡು ಮಾತಿಗೆ ವಿರೋಧವೇನೂ ನಮಗೆ ಕಾಣುವುದಿಲ್ಲ.

ಹಾಗೆ ಬಂದು ಎರಗಿದವರಲ್ಲಿ ಒಬ್ಬರು ಎದ್ದು ಮನೆಗೆ ಹೋಗಲಿಲ್ಲ. ಅವರೇ ನಮ್ಮ ಕಥಾನಾಯಕರು.

ಅವರಿಗೆ ತಂದೆತಾಯಿಗಳು ಇಟ್ಟ ಹೆಸರು ಹಿಂದೆ ಬಿದ್ದು, ವಡುಗನಂಬಿ ಎಂಬ ಹೆಸರೇ ನಿಂತಿತು. ತಮಿಳರು ತಮ್ಮ ನಾಡಿನ ಉತ್ತರದಲ್ಲಿ ಇರುವವರನ್ನು ವಡುಗರೆಂದು ಕರೆಯುತ್ತಿದ್ದರು. ತೆಲುಗರು ಕನ್ನಡಿಗರೆಂಬ ಭೇದವನ್ನು ಅವರು ಅಷ್ಟಾಗಿ ಎಣಿಸಿದಂತಿಲ್ಲ. ನಂಬಿ ಎಂದರೆ ಪೂರ್ಣ. ಆದುದರಿಂದ ಸಂಸ್ಕೃತದಲ್ಲಿ ಅವರು ಆಂಧ್ರಪೂರ್ಣರಾದರು. ಕಾವೇರಿಯ ದಡದ ಕನ್ನಡನಾಡಿನವರು ಹೀಗೆ ಗ್ರಂಥಗಳಲ್ಲಿ ಆಂಧ್ರರಾಗಿ ಕುಳಿತುಬಿಟ್ಟಿದ್ದಾರೆ. ಅವರಿಗೆ ಇದರಿಂದ ಖೇದವೇನೂ ಆಗಿರಲಾರದು. ತಮ್ಮ ಹೆಸರಿನ ಬಗ್ಗೆ ಯೋಚಿಸುವಷ್ಟು ಬಿಡುವು ಅವರಿಗೆ ಇದ್ದಂತೆಯೇ ತೋರುವುದಿಲ್ಲ.

ಸಾಲಿಗ್ರಾಮದಿಂದ ಹೊರಟ ರಾಮಾನುಜರು ತೊಂಡನೂರಿಗೆ ಬಂದದ್ದು, ಹೊಯ್ಸಳ ಬಿಟ್ಟಿದೇವನು ವಿಷ್ಣುವರ್ಧನನಾದದ್ದು, ಯದುಗಿರಿಯಲ್ಲಿ ತಿರುನಾರಾಯಣನ ಸೇವೆ ಮರಳಿ ನಿಂತದ್ದು, ಈ ಕಥೆಗಳನ್ನು ಓದುಗರು ಬಲ್ಲರು. ಇವೆಲ್ಲವುಗಳಲ್ಲಿ ನಂಬಿಗಳ ಹೆಸರು ಎದ್ದು ಕಾಣುವುದಿಲ್ಲ. ವಾದಕ್ಕೆ ನಿಂತವರು, ಗ್ರಂಥವನ್ನು ಬರೆದುಕೊಂಡವರು, ದೇವಸ್ಥಾನದ ಕಟ್ಟಳೆಗಳನ್ನು ನೋಡಿಕೊಂಡವರು ಬೇರೆ. ಆಚಾರ್ಯರ ಪರಿವಾರದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸೇವೆ ಗೊತ್ತಾಗಿತ್ತು. ನಂಬಿಗಳಿಗೆ ದೊರೆತದ್ದು ಗುರುಗಳ ಮೈಗೆ ಎಣ್ಣೆಯೊತ್ತುವುದು, ಹಾಲು ಕಾಯಿಸಿ ಕೊಡುವುದು. ಚೋಳನ ಕಾಲ ಮುಗಿದು ರಾಮಾನುಜರು ಶ್ರೀರಂಗಕ್ಕೆ ಹಿಂದಿರುಗಿದಾಗ ಈ ಕನ್ನಡನಾಡಿನ ಶಿಷ್ಯರೂ ತಮ್ಮ ಊರನ್ನೂ ಬಂಧುಗಳನ್ನೂ ಬಿಟ್ಟು ಜತೆಯಲ್ಲಿ ನಡೆದರು.

ಅವರ ಹೆಸರನ್ನು ಉಳಿಸಿರುವ ಕಥೆಗಳೆಲ್ಲ ಶ್ರೀರಂಗದವು, ಎಲ್ಲವೂ ಮಠದ ಅಡಿಗೆಮನೆ, ಹೊಸ್ತಿಲು, ಮೂಟೆ ಮುಂತಾದ ಸಣ್ಣ ಸಂಗತಿಗಳ ಸುತ್ತ ಹುಟ್ಟಿದವು. ಒಂದು ದಿನ ರಂಗನಾಥನ ಉತ್ಸವಮೂರ್ತಿಯು ಬೀದಿಯಲ್ಲಿ ಬಿಜಯಂಗೈದು ಮಠದ ಮುಂದೆ ಬಂದಿತು. ವಾದ್ಯದ ಸದ್ದು ಕೇಳಿ ರಾಮಾನುಜರು ಹೊರಗೆ ಬಂದು, ಒಳಗಿದ್ದ ನಂಬಿಗಳನ್ನು ಸ್ವಾಮಿಯ ಸೇವೆಗೆ ಬರಬೇಕೆಂದು ಕೂಗಿ ಕರೆದರು. ನಂಬಿಗಳು ಒಲೆಯ ಮುಂದಿದ್ದರು. ತಮ್ಮ ಸ್ವಾಮಿಯನ್ನು ನೋಡಲು ತಾವು ಬಂದರೆ ನನ್ನ ಸ್ವಾಮಿಯ ಹಾಲು ಉಕ್ಕಿಹೋಗುವುದಲ್ಲವೇ ಎಂದು ಒಳಗಿನಿಂದಲೇ ಅರಿಕೆಮಾಡಿಕೊಂಡು ಅಲ್ಲಿಯೇ ಕುಳಿತರಂತೆ. ಇನ್ನೊಮ್ಮೆ ರಾಮಾನುಜರು ರಂಗನಾಥನ ಸನ್ನಿಧಿಯಲ್ಲಿ ನಿಂತು ಆ ವಿಶಾಲವಾದ ಕಣ್ಣುಗಳನ್ನು ನೋಡುತ್ತ ಮೈಮರೆತಿದ್ದರು. ತಿರುಗಿ ನೋಡಿದರೆ ನಂಬಿಗಳ ದೃಷ್ಟಿ ತಮ್ಮ ಮೇಲೆಯೇ ನೆಟ್ಟಿದೆ. ದೇವರ ಕಣ್ಣುಗಳನ್ನು ನೋಡು ಎಂದು ಹೇಳಿದಾಗ ನಂಬಿಗಳು ಒಮ್ಮೆ ನೋಡಿ, ತಮ್ಮನ್ನು ಕಂಡ ಕಣ್ಣು ಬೇರೊಂದನ್ನು ಕಾಣಲಾರದು ಎಂಬ ಭಾವದ ಮಾತನ್ನಾಡಿದರು.

ಯಾತ್ರೆಯ ಕಾಲದ ಸಂಗತಿಯೊಂದಿದೆ. ಹೊರಡುವ ಗಡಿಬಿಡಿಯಲ್ಲಿ ನಂಬಿಗಳು ಗುರುಗಳ ಪಾದರಕ್ಷೆಗಳನ್ನೂ ಗುರುಗಳು ನಿತ್ಯ ಆರಾಧಿಸುವ ದೇವರ ಸಾಮಗ್ರಿಗಳನ್ನೂ ಒಂದೇ ಮೂಟೆಯಲ್ಲಿ ಕಟ್ಟಿದರು. ಬಿಚ್ಚಿದಾಗ ಇದನ್ನು ಕಂಡು ರಾಮಾನುಜರು ತಲ್ಲಣಿಸಿಹೋದರು. ಎಂತಹ ಅಪಚಾರವೆಂದು ಅವರು ಕೇಳಲು, ತಮ್ಮ ಆರಾಧ್ಯದೈವಕ್ಕಿಂತ ನನ್ನ ಆರಾಧ್ಯದೈವವು ಯಾವುದರಲ್ಲಿ ಕಡಿಮೆಯೆಂದು ಶಿಷ್ಯರು ಬಿನ್ನವಿಸಿಕೊಂಡರು. ಮತ್ತೊಂದು ಸಲ ಗುರುಗಳು ಭುಂಜಿಸಿ ಉಳಿದ ಶೇಷವನ್ನು ಸ್ವೀಕರಿಸಿ ನಂಬಿಗಳು ಕೈತೊಳೆಯದೆ ತಲೆಗೆ ಒರಸಿಕೊಂಡರು. ರಾಮಾನುಜರು ಗದರಿಸಿ ಕೈತೊಳೆಯುವಂತೆ ವಿಧಿಸಿದರು. ಮರುದಿನ ರಂಗನಾಥನ ಪ್ರಸಾದವನ್ನು ಕೊಟ್ಟರೆ ನಂಬಿಗಳು ಅದನ್ನು ಸ್ವೀಕರಿಸಿ ಹೋಗಿ ಕೈತೊಳೆದು ಬಂದರು. ಭಗವತ್ಪ್ರಸಾದಕ್ಕೆ ಹೀಗೆ ಮಾಡಬಹುದೇ ಎಂದು ಕೇಳಿದಾಗ, ನಿನ್ನೆ ತಾವು ಅಪ್ಪಣೆ ಮಾಡಿದ್ದನ್ನೇ ಇಂದು ನಡೆಸಿದೆನೆಂದು ಕೈಮುಗಿದು ನಿಂತರು. ಇಂತಹ ಶಿಷ್ಯನನ್ನು ಇಟ್ಟುಕೊಂಡು ಆ ಗುರುಗಳು ಎಷ್ಟು ಸಂತೋಷಪಟ್ಟರೋ ಅಷ್ಟೇ ಪೇಚಾಡಿಯೂ ಇರಬೇಕು.

ಬಂಧುಗಳ ವಿಷಯದಲ್ಲಿಯೂ ಅವರು ಬಿಗಿಯಾಗಿದ್ದರು. ಆಚಾರ್ಯಸಂಬಂಧವಿಲ್ಲದ ನೆಂಟರು ಕೆಲವರು ಮನೆಗೆ ಬಂದು ಅಡಿಗೆಮಾಡಿಕೊಂಡು ಹೋದರು. ಅವರು ಹೊರಟ ಮೇಲೆ ನಂಬಿಗಳು ಆ ಮಡಕೆಗಳನ್ನೆಲ್ಲ ಒಡೆದುಹಾಕಿ, ದಾಶರಥಿಯ ಮನೆಯ ಹಿತ್ತಲಲ್ಲಿ ಎಸೆದಿದ್ದ ಹಳೆಯ ಮಡಕೆಗಳನ್ನು ತಂದು ಬಳಸಿಕೊಂಡರೆಂದು ಹೇಳುತ್ತಾರೆ. ಮಡಿಯಲ್ಲಿ ಬೆಳೆದ ನಮ್ಮ ಮನೆಯ ಹೆಂಗಸರು ಈ ಕಥೆಯನ್ನು ಕೇಳಿದರೆ ಮೊದಲರ್ಧಕ್ಕೆ ತಲೆದೂಗಿ ಎರಡನೆಯ ಅರ್ಧಕ್ಕೆ ಹುಬ್ಬುಗಂಟಿಕ್ಕುವುದು ಖಂಡಿತ.

ಕೂರೇಶರೂ ದಾಶರಥಿಯೂ ರಾಮಾನುಜರ ಶಿಷ್ಯರಲ್ಲಿ ಅಗ್ರಗಣ್ಯರು. ಒಬ್ಬರು ಗುರುವಿಗಾಗಿ ಕಣ್ಣನ್ನೇ ಕೊಟ್ಟವರು. ಅಂತಹವರನ್ನು ಕೂಡ ನಂಬಿಗಳು ಎರಡು ದಡದವರು ಎಂದು ಕರೆದರೆಂದು ಪಿಳ್ಳೈ ಲೋಕಾಚಾರ್ಯರು ಶ್ರೀವಚನಭೂಷಣವೆಂಬ ತಮ್ಮ ಗ್ರಂಥದಲ್ಲಿ ಸ್ಮರಿಸಿದ್ದಾರೆ. ಅವರಿಬ್ಬರೂ ದೇವರನ್ನೂ ಹಿಡಿದಿದ್ದಾರೆ, ಗುರುವನ್ನೂ ಹಿಡಿದಿದ್ದಾರೆ. ತಾನು ಹಿಡಿದದ್ದು ಒಂದನ್ನೇ ಎಂಬುದು ತಾತ್ಪರ್ಯ. ನದಿಯ ದಂಡೆಯಲ್ಲಿ ಬೆಳೆದವರಿಗೆ ಮಾತ್ರ ಬಾಯಿಗೆ ಬರಬಹುದಾದ ಮಾತಿದು. ಕಾವೇರಿಯಲ್ಲಿ ನೀರು ಏರಿದಾಗ ಎರಡು ದಡದಲ್ಲಿಯೂ ಕಾಲಿಟ್ಟು ನಿಲ್ಲಲಾಗದೆಂಬುದನ್ನು ಸಾಲಿಗ್ರಾಮದ ಹುಡುಗರಿಗೆ ಯಾರೂ ಕಲಿಸಬೇಕಾಗಿಲ್ಲ.

ಈ ಕಥೆಗಳನ್ನು ಮೊದಲ ಬಾರಿ ಉಪನ್ಯಾಸವೊಂದರಲ್ಲಿ ಕೇಳಿದಾಗ ನಮ್ಮ ಮನಸ್ಸಿಗೆ ಹಿತವಾಗಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇವೆ. ಬೀದಿಯಲ್ಲಿ ಬಂದ ದೇವರನ್ನು ನೋಡಲು ಏಳದಿರುವುದು ಭಕ್ತಿಯೇ? ನಮ್ಮ ಮನೆಗಳಲ್ಲಿ ನೈವೇದ್ಯವು ಮೊದಲು ಶ್ರೀಹರಿಗೆ. ಅವನಿಗೆ ನಿವೇದಿಸಿದ್ದು ರಮಾದೇವಿಗೆ, ವಾಯುದೇವರಿಗೆ, ಆಮೇಲೆ ಹಸ್ತೋದಕವಾಗಿ ಗುರುಗಳ ಬೃಂದಾವನಕ್ಕೆ. ಈ ಕ್ರಮವನ್ನು ತಪ್ಪಿಸಿದರೆ ತಾರತಮ್ಯವೇ ತಪ್ಪಿದಂತೆ. ನಂಬಿಗಳು ಆ ಏಣಿಯನ್ನು ತಲೆಕೆಳಗು ಮಾಡಿದಂತೆ ಕಾಣುತ್ತದೆ.

ಬಹುಕಾಲ ಇದೇ ಯೋಚನೆಯಲ್ಲಿದ್ದ ನಮಗೆ ಆಮೇಲೆ ಹೊಳೆದದ್ದು ಎರಡು ಸಂಗತಿ. ಮೊದಲನೆಯದಾಗಿ, ಈ ಕಥೆಗಳಲ್ಲಿ ಒಂದರಲ್ಲಿಯೂ ಗುರುಗಳು ಶಿಷ್ಯನ ನಡತೆಯನ್ನು ತಾವಾಗಿ ಬಯಸಲಿಲ್ಲ. ಬಾ ಎಂದು ಕರೆದವರು, ನೋಡು ಎಂದು ತೋರಿಸಿದವರು, ಮೂಟೆಯನ್ನು ಕಂಡು ನಡುಗಿದವರು ಗುರುಗಳೇ. ದೇವರ ಎದುರಿಗೆ ತನ್ನನ್ನು ನಿಲ್ಲಿಸಿಕೊಳ್ಳುವ ಗುರುವಿಗೂ, ದೇವರ ಕಡೆಗೆ ಮುಖಮಾಡಿ ನಿಂತ ಗುರುವಿಗೂ ಅಂತರವುಂಟು. ನಂಬಿಗಳ ಕಣ್ಣು ನೆಟ್ಟಿದ್ದು ಎರಡನೆಯ ಬಗೆಯ ಗುರುವಿನ ಮೇಲೆ. ಎರಡನೆಯದಾಗಿ, ನಾವು ನಿತ್ಯ ಸಂಕಲ್ಪದಲ್ಲಿ ಶ್ರೀಕೃಷ್ಣನನ್ನು ನೇರವಾಗಿ ಹೆಸರಿಸುವುದಿಲ್ಲ. ನಮ್ಮ ಗುರುಗಳ ಅಂತರ್ಗತನಾದ, ಭಾರತೀರಮಣನಾದ ಮುಖ್ಯಪ್ರಾಣನ ಅಂತರ್ಗತನಾದ ಕೃಷ್ಣನೆಂದು ಒಂದೊಂದೇ ಬಾಗಿಲನ್ನು ದಾಟಿ ಅವನ ಬಳಿಗೆ ಹೋಗುತ್ತೇವೆ. ಗುರುಪ್ರಸಾದವು ಎಲ್ಲಕ್ಕಿಂತ ಬಲವಾದದ್ದೆಂದೂ, ಆದರೂ ಶ್ರವಣಾದಿಗಳನ್ನು ಮಾಡಲೇಬೇಕೆಂದೂ ಶ್ರೀಮದಾಚಾರ್ಯರು ಸೂತ್ರಭಾಷ್ಯದಲ್ಲಿ ಪ್ರಮಾಣಸಹಿತವಾಗಿ ತಿಳಿಸಿದ್ದಾರೆ. ಮೊದಲ ಮಾತಿನಲ್ಲಿ ನಂಬಿಗಳು ನಮ್ಮ ನೆರೆಯವರು. ಎರಡನೆಯ ಮಾತಿನ ಹತ್ತಿರ ದಾರಿ ಕವಲೊಡೆಯುತ್ತದೆ. ಅಷ್ಟನ್ನು ಹೇಳಿ ನಾವು ಸುಮ್ಮನಾಗುವುದು ಲೇಸು.

ಶ್ರೀವೈಷ್ಣವರೂ ಈ ನಿಷ್ಠೆ ಎಲ್ಲರಿಗೂ ಸಾಧ್ಯವೆಂದು ಹೇಳಿದವರಲ್ಲ. ನಮ್ಮಾಳ್ವಾರರನ್ನು ಬಿಟ್ಟು ಬೇರೆ ದೈವವನ್ನು ಅರಿಯದಿದ್ದ ಮಧುರಕವಿಗಳ ಸಾಲಿನಲ್ಲಿ ನಂಬಿಗಳನ್ನು ನಿಲ್ಲಿಸುತ್ತಾರೆ. ಎಷ್ಟೋ ಕಾಲದ ನಂತರ ಬಂದ ಮಣವಾಳ ಮಹಾಮುನಿಗಳು, ಅಂತಹ ದೊಡ್ಡ ವಿದ್ವಾಂಸರು, ವಡುಗನಂಬಿಯ ಸ್ಥಿತಿ ತಮಗೂ ದೊರೆಯಲಿ ಎಂದು ರಾಮಾನುಜರಲ್ಲಿ ಬೇಡಿಕೊಂಡಿದ್ದಾರೆ.

ದೇವರೇ ವಡುಗನಂಬಿಯ ವೇಷ ಹಾಕಿದ ಕಥೆಯೂ ಒಂದಿದೆ. ಅನಂತಶಯನಕ್ಷೇತ್ರದಲ್ಲಿ ಪೂಜಾಕ್ರಮವನ್ನು ಪಾಂಚರಾತ್ರಕ್ಕೆ ತಿರುಗಿಸಲು ರಾಮಾನುಜರು ಯತ್ನಿಸಿದರು. ಅಲ್ಲಿಯ ಅರ್ಚಕರು ಸ್ವಾಮಿಯ ಮೊರೆಹೊಕ್ಕರು. ಸ್ವಾಮಿಗೆ ಹಳೆಯ ಕ್ರಮವೇ ಪ್ರಿಯವಾದ್ದರಿಂದ, ಮಲಗಿದ್ದ ಆಚಾರ್ಯರನ್ನು ರಾತ್ರೋರಾತ್ರಿ ದೂರದ ತಿರುಕ್ಕುರುಂಗುಡಿಗೆ ಸಾಗಿಸಿಬಿಟ್ಟನು. ಬೆಳಗ್ಗೆ ಎದ್ದ ರಾಮಾನುಜರು ಏನೂ ತಿಳಿಯದೆ ಹೊಳೆಯಲ್ಲಿ ಮಿಂದು, ತಿರುಮಣ್ಣಿಗಾಗಿ ಎಂದಿನಂತೆ ವಡುಗಾ ಎಂದು ಕೂಗಿದರು. ಶಿಷ್ಯರಿದ್ದದ್ದು ಹಿಂದಿನ ಊರಿನಲ್ಲಿ. ಕೂಗಿಗೆ ಓಗೊಟ್ಟು ಬಂದವನು ಆ ಕ್ಷೇತ್ರದ ಸ್ವಾಮಿ. ಸೇವೆಮಾಡಿ, ಗುರುವಿನ ಕೈಯಿಂದ ತಾನೂ ನಾಮವನ್ನು ಇಡಿಸಿಕೊಂಡು ಗುಡಿಯ ತನಕ ಜತೆಗೆ ಬಂದು ಮಾಯವಾದನು. ಗರ್ಭಗುಡಿಯಲ್ಲಿ ನೋಡಿದರೆ ಸ್ವಾಮಿಯ ಹಣೆಯ ಮೇಲೆ ತಾವು ಈಗತಾನೆ ಇಟ್ಟ ಹಸಿ ನಾಮ! ರಾಮಾನುಜರ ಆ ಯಾತ್ರೆಯನ್ನು ಚೋಳನ ಉಪದ್ರವಕ್ಕೆ ಮುಂಚಿನದೆಂದು ಎಣಿಸುವುದುಂಟು. ಹಾಗಾದರೆ ಸಾಲಿಗ್ರಾಮದ ನಂಬಿಗಳು ಆಗ ಅವರ ಜತೆಯಲ್ಲಿರಲು ಬರುವುದಿಲ್ಲ. ಕಾಲದ ಲೆಕ್ಕಕ್ಕೆ ಈ ಕಥೆ ಹೊಂದದೆ ಇರಬಹುದು. ಆದರೆ ಶ್ರೀರಂಗದಲ್ಲಿ ದೇವರನ್ನು ನೋಡಲು ಒಲೆಯ ಮುಂದಿನಿಂದ ಏಳದಿದ್ದವರ ರೂಪವನ್ನೇ ದೇವರು ತೊಟ್ಟನೆಂದು ಹೇಳಿದವರ ಮನಸ್ಸಿನಲ್ಲಿ ಏನಿತ್ತೆಂಬುದು ಸ್ಪಷ್ಟವಾಗಿದೆ.

ನಂಬಿಗಳ ಹೆಸರಿನಲ್ಲಿ ಯತಿರಾಜವೈಭವವೆಂಬ ಸಂಸ್ಕೃತ ಗ್ರಂಥವೊಂದು ಪ್ರಸಿದ್ಧವಾಗಿದೆ. ರಾಮಾನುಜರ ಜೀವನವನ್ನು ತಿಳಿಸುವ ಹಳೆಯ ಗ್ರಂಥಗಳಲ್ಲಿ ಅದೂ ಒಂದು. ರಾಮಾನುಜರ ಅಷ್ಟೋತ್ತರಶತನಾಮಾವಳಿಯನ್ನೂ ಅವರದೆಂದೇ ಹೇಳುತ್ತಾರೆ. ಎಣ್ಣೆ ಹಾಲುಗಳ ಸೇವೆಯಲ್ಲಿದ್ದವರು ಬರೆದದ್ದು ಕೂಡ ಗುರುವಿನ ವಿಷಯವನ್ನೇ.

ರಾಮಾನುಜರು ಪರಮಪದವನ್ನೈದಿದ ಮೇಲೆ ಶ್ರೀರಂಗದಲ್ಲಿ ಉಳಿಯಲು ನಂಬಿಗಳಿಗೆ ಅಡ್ಡಿಯಿರಲಿಲ್ಲ. ಕಾಯಿಸಬೇಕಾದ ಹಾಲು ಮಾತ್ರ ಇರಲಿಲ್ಲ. ಅವರು ಕಾವೇರಿಯನ್ನು ಹಿಡಿದು ಮೇಲಕ್ಕೆ ನಡೆದು ಸಾಲಿಗ್ರಾಮವನ್ನು ಸೇರಿದರು. ಅಲ್ಲಿ ಗುರುಗಳ ಶ್ರೀಪಾದತೀರ್ಥವನ್ನಲ್ಲದೆ ಬೇರೆ ಯಾರ ತೀರ್ಥವನ್ನೂ ಸ್ವೀಕರಿಸದೆ, ತಮ್ಮಲ್ಲಿಗೆ ಬಂದವರಿಗೆ ಗುರುಗಳ ಮಹಿಮೆಯನ್ನೇ ಹೇಳುತ್ತ ಕೊನೆಯ ದಿನಗಳನ್ನು ಕಳೆದರೆಂದು ಪರಂಪರೆಯವರು ತಿಳಿಸುತ್ತಾರೆ.

ಇದನ್ನು ಓದುವಾಗ ನಮಗೆ ನಮ್ಮ ಅಪ್ಪಣ್ಣಾಚಾರ್ಯರ ನೆನಪಾಗದೆ ಇರಲಿಲ್ಲ. 1671ರ ಶ್ರಾವಣದಲ್ಲಿ ಶ್ರೀರಾಘವೇಂದ್ರಸ್ವಾಮಿಗಳು ಬೃಂದಾವನಪ್ರವೇಶ ಮಾಡುವ ಸಮಯಕ್ಕೆ ಅವರು ಸನ್ನಿಧಿಯಲ್ಲಿರಲಿಲ್ಲ. ಸುದ್ದಿ ತಿಳಿದು, ತುಂಬಿ ಹರಿಯುತ್ತಿದ್ದ ತುಂಗಭದ್ರೆಯನ್ನು ಗುರುಸ್ತೋತ್ರವನ್ನು ರಚಿಸುತ್ತಲೇ ದಾಟಿ ಬಂದರು. ಬಂದು ಸೇರುವಷ್ಟರಲ್ಲಿ ಕೊನೆಯ ಶಿಲೆಯನ್ನಿಟ್ಟಾಗಿತ್ತು. ಆಮೇಲೆ ಅವರೂ ಹೊಳೆಯ ದಂಡೆಯ ತಮ್ಮ ಬಿಚ್ಚಾಲೆಗೆ ಹಿಂದಿರುಗಿ, ಅಲ್ಲಿಯೇ ಗುರುಗಳಿಗೆ ಬೃಂದಾವನವನ್ನು ಮಾಡಿಸಿ ಪೂಜಿಸಿಕೊಂಡಿದ್ದರು. ಕಾವೇರಿ ಬೇರೆ, ತುಂಗಭದ್ರೆ ಬೇರೆ, ಮತ ಬೇರೆ, ಕಾಲದಲ್ಲಿ ಐನೂರು ವರ್ಷಗಳಿಗೂ ಮೇಲ್ಪಟ್ಟ ಅಂತರ. ಗುರುಗಳಿಲ್ಲದ ಮಠದಿಂದ ಹೊರಬಿದ್ದು ಊರ ದಾರಿ ಹಿಡಿದವರ ಹೆಜ್ಜೆಗಳು ಮಾತ್ರ ಒಂದೇ ರೀತಿಯವು.

ನಂಬಿಗಳ ತಿರುನಕ್ಷತ್ರವು ಮೇಷಮಾಸದ ಅಶ್ವಿನಿ. ಅವರ ಗುರುಗಳದು ಅದೇ ಮಾಸದ ಆರ್ದ್ರೆ. ನಕ್ಷತ್ರಗಳ ಎಣಿಕೆಯಲ್ಲಿ ಅಶ್ವಿನಿ ಮೊದಲನೆಯದು, ಆರ್ದ್ರೆ ಆರನೆಯದು. ಯಜಮಾನರು ಬರುವ ಮುಂಚೆ ಬಂದು ಎಲ್ಲವನ್ನೂ ಅಣಿಗೊಳಿಸುವ ಸೇವಕನಂತೆ ಶಿಷ್ಯರ ದಿನವು ಐದು ದಿನ ಮುಂಚಿತವಾಗಿ ನಿಂತಿದೆ ಎಂದು ಹೇಳಿ ಸಂತೋಷಪಡುವವರಿದ್ದಾರೆ. ನಮ್ಮ ಓದುಗರು ಚುಂಚನಕಟ್ಟೆಯ ರಾಮನ ದರ್ಶನಕ್ಕೆ ಹೋದಾಗ ಹೊಳೆಯ ಮೇಲ್ಭಾಗದಲ್ಲಿರುವ ಸಾಲಿಗ್ರಾಮಕ್ಕೂ ಹೋಗಿಬರಬಹುದು. ಮೊದಲು ನರಸಿಂಹದೇವರಿಗೆ ನಮಸ್ಕರಿಸಿ, ಆಮೇಲೆ ಕೊಳದ ಬಳಿಗೆ ಹೋಗುವುದು ನಮ್ಮ ಕ್ರಮ. ನಂಬಿಗಳು ಯಾವ ಕ್ರಮದಲ್ಲಿ ಹೋಗುತ್ತಿದ್ದರೆಂಬುದನ್ನು ಓದುಗರು ಊಹಿಸಿಕೊಳ್ಳಬಲ್ಲರು.

ಶ್ರೀಕೃಷ್ಣಾರ್ಪಣಮಸ್ತು